ನಂದಿಗುಡ್ಡೆಯ ಏರು, ಮಾಮಿ ಮತ್ತು ನಾನು

ನಾನು ಇಳಿಜಾರಿನ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬಯಲುಸೀಮೆಯಲ್ಲಿ ಹುಟ್ಟಿದ್ದರೆ ಈ ಗುಣ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತೋ ಏನೋ, ಆದರೆ ನಾನು ಹುಟ್ಟಿದ್ದು ಮಂಗಳೂರಿನಲ್ಲಿ. ಇಲ್ಲಿ ದಾರಿ ಕೇಳಿದರೆ ಯಾರೂ ದೂರ ಎಷ್ಟೆಂದು ಹೇಳುವುದಿಲ್ಲ. "ಸ್ವಲ್ಪ ಮೇಲೆ ಹೋಗಿ, ಮತ್ತೆ ಕೆಳಗೆ ಇಳಿಯಿರಿ, ಅಲ್ಲಿಂದ ಪುನಃ ಮೇಲೆ" ಎನ್ನುತ್ತಾರೆ. ಬಸ್ಸಿನಲ್ಲಿ ಹೋಗುವವರಿಗೆ ಇದರ ಅರ್ಥ ಆಗುವುದಿಲ್ಲ. ಸ್ಕೂಟರಿನವರಿಗೆ ಎಂಜಿನಿನ ಸದ್ದಿನಿಂದ ಅಷ್ಟಿಷ್ಟು ತಿಳಿದೀತು. ಊರಿನ ಏರುತಗ್ಗು ನಿಜವಾಗಿ ಗೊತ್ತಿರುವುದು ಸೈಕಲ್ ತುಳಿಯುವವನ ತೊಡೆಗಳಿಗೆ. ನಾನು ಅತ್ತಾವರದ ಮನೆಯಿಂದ ಜೆಪ್ಪುವಿನ ಹೆಂಚಿನ ಕಾರ್ಖಾನೆಯ ಆಫೀಸಿಗೆ ಹನ್ನೊಂದು ವರ್ಷ ಸೈಕಲಿನಲ್ಲೇ ಹೋಗಿಬಂದವನು. ಆದರೂ ನನ್ನ ತೊಡೆಗಳಿಗೆ ಏನೂ ಗೊತ್ತಿರಲಿಲ್ಲ. ನಂದಿಗುಡ್ಡೆ ಹತ್ತಿ ಆಚೆ ಇಳಿದರೆ ದಾರಿ ಹತ್ತಿರ. ನಾನು ಒಂದು ದಿನವೂ ಅದನ್ನು ಹಿಡಿಯದೆ ಮಂಗಳಾದೇವಿಯ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. "ದೇವಸ್ಥಾನದ ಎದುರು ಒಮ್ಮೆ ಕೈ ಮುಗಿದು ಹೋಗುವುದು ಅಭ್ಯಾಸ" ಎಂದು ಮನೆಯಲ್ಲಿ ಹೇಳಿದ್ದೆ. ಹೀಗಾಗಿ ನನಗೆ ದೈವಭಕ್ತ ಎಂಬ ಹೆಸರೂ ಬಂದುಬಿಟ್ಟಿತ್ತು.

ಎಂಬತ್ತರ ದಶಕದ ಆರಂಭದ ಮಾತು. ನಮ್ಮ ಮ್ಯಾನೇಜರರ ಭಾವ ಯಾರೋ ವಿದೇಶದಿಂದ ಬರುವಾಗ ಒಂದು ಪತ್ರಿಕೆ ತಂದಿದ್ದರು. ಅದರಲ್ಲಿ ಒಬ್ಬನೇ ಮನುಷ್ಯ ಮೊದಲು ಈಜಿ, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ, ಸೈಕಲ್ ಬಿಟ್ಟು ಕೂಡಲೇ ಓಡುವ ಸ್ಪರ್ಧೆಯ ಚಿತ್ರಗಳಿದ್ದವು. ಲೆಕ್ಕಪತ್ರದ ವಿಭಾಗದ ವಿಠಲ ಅದನ್ನು ನೋಡಿ, "ಇದು ಸ್ಪರ್ಧೆ ಅಲ್ಲ ಮಾರಾಯ, ಇವನನ್ನು ಯಾರೋ ಅಟ್ಟಿಸಿಕೊಂಡು ಬರ್ತಾ ಇದ್ದಾರೆ" ಎಂದ. ಮ್ಯಾನೇಜರರಿಗೆ ಮಾತ್ರ ಅದು ತಲೆಗೆ ಹತ್ತಿತು. ಹೊಳೆಯ ದಂಡೆಯಲ್ಲಿದ್ದ ಮೂರು ಹೆಂಚಿನ ಕಾರ್ಖಾನೆಗಳು ಸೇರಿ ಜನವರಿಯಲ್ಲಿ ಅಂಥದ್ದೇ ಒಂದನ್ನು ನಡೆಸುವುದೆಂದು ನಿಶ್ಚಯವಾಯಿತು. ಒಬ್ಬನೇ ಮೂರನ್ನೂ ಮಾಡಿದರೆ ಮಾರನೆಯ ದಿನ ಕೆಲಸಕ್ಕೆ ಆಳು ಇರುವುದಿಲ್ಲವೆಂದು ಒಂದೊಂದು ಕಾರ್ಖಾನೆಯಿಂದ ಮೂರು ಮೂರು ಜನ ಎಂದಾಯಿತು. ಈಜಲಿಕ್ಕೆ ನಮ್ಮಲ್ಲಿ ಕೊರಗಪ್ಪ ಇದ್ದ. ಮಣ್ಣು ತರುವ ದೋಣಿಯಲ್ಲೇ ಬೆಳೆದವನು, ನೀರಿಗೂ ನೆಲಕ್ಕೂ ಅವನಿಗೆ ವ್ಯತ್ಯಾಸ ಇರಲಿಲ್ಲ. ಓಡಲಿಕ್ಕೆ ಲಾರಿಗೆ ಹೆಂಚು ಹೇರುವ ವಿಭಾಗದ ಇಸ್ಮಾಯಿಲ್. ಸೈಕಲಿಗೆ ಯಾರು ಎಂದು ಕೇಳಿದಾಗ ಇಡೀ ಆಫೀಸು ನನ್ನ ಕಡೆ ತಿರುಗಿತು. ಹನ್ನೊಂದು ವರ್ಷ ದಿನಾ ಸೈಕಲ್ ತುಳಿದವನು! ನಾನು ಮಂಗಳಾದೇವಿಯ ರಹಸ್ಯವನ್ನು ಅಲ್ಲಿ ಹೇಗೆ ಹೇಳಲಿ? ನಲವತ್ತೆರಡು ವರ್ಷದ ತಲೆಯನ್ನು ಗಂಭೀರವಾಗಿ ಆಡಿಸಿ ಒಪ್ಪಿಕೊಂಡೆ.

ದಾರಿಯ ನಕ್ಷೆ ಬಂದಾಗ ನಾನು ಮೊದಲು ಹುಡುಕಿದ್ದು ನಂದಿಗುಡ್ಡೆಯನ್ನು. ಜೆಪ್ಪುವಿನ ಹೊಳೆಬದಿಯಿಂದ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು. ಅಲ್ಲಿಂದ ತಿರುಗಿ ಪಂಪ್‌ವೆಲ್, ಕಂಕನಾಡಿಯ ಏರು, ಫಳ್ನೀರ್, ಅತ್ತಾವರಕ್ಕೆ ಇಳಿದು ಕೊನೆಗೆ ನಂದಿಗುಡ್ಡೆ ಹತ್ತಿ ಆಚೆ ಜೆಪ್ಪುವಿಗೆ. ಈಜಿ ಬಂದವನು ಕೊಟ್ಟ ಕೆಂಪು ವಸ್ತ್ರವನ್ನು ನಾನು ಕಾರ್ಖಾನೆಯ ಗೇಟಿನಲ್ಲಿ ಓಡುವವನ ಕೈಗೆ ಕೊಡಬೇಕು. ನನ್ನ ಮುಖ ನೋಡಿ ವಿಠಲ ಸಮಾಧಾನ ಹೇಳಿದ: "ನಂದಿಗುಡ್ಡೆ ಹತ್ತಲಿಕ್ಕೆ ಆಗದಿದ್ರೆ ತೊಂದ್ರೆ ಎಂತ ಇಲ್ಲ ಮಾರಾಯ. ಸ್ಮಶಾನ ಅಲ್ಲೇ ಉಂಟು. ಹೊರುವವರಿಗೂ ಸುಲಭ."

ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಸಂಜೆ ಮನೆಯಲ್ಲಿ ಕಾಫಿ ಕುಡಿಯುವಾಗ ಹೆಂಡತಿ ಸರೋಜಳಿಗೆ ಕೈಬಾಯಿ ತಿರುಗಿಸಿ ಹೇಳಿ ಜೋರಾಗಿ ನಕ್ಕೆ. ನಾನೊಬ್ಬನೇ ನಗುತ್ತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಜಗಲಿಯ ಮೂಲೆಯಲ್ಲಿ ಮಾಮಿ ಕುಳಿತಿದ್ದರು.

ಮಾಮಿ ಎಂದರೆ ಸರೋಜಳ ತಾಯಿ, ಕಲ್ಯಾಣಿ ಮಾಮಿ. ನಮ್ಮ ಕಡೆ ಗಂಡ ಹೆಂಡತಿಯ ಮನೆಯಲ್ಲಿ ಇರುವುದು ಹೊಸ ಸಂಗತಿ ಏನಲ್ಲ. ನಾನು ಅವರ ಮನೆಯಲ್ಲೇ ಇದ್ದೆ. ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಅವರು ಸರಕಾರಿ ಹೆರಿಗೆ ನರ್ಸ್ ಆಗಿದ್ದವರು. ಐವತ್ತರ ದಶಕದಲ್ಲಿ ಸೀರೆಯ ಸೆರಗನ್ನು ಪಿನ್ನು ಹಾಕಿ ಬಿಗಿದು, ಕ್ಯಾರಿಯರಿನಲ್ಲಿ ಹೆರಿಗೆಯ ಪೆಟ್ಟಿಗೆ ಕಟ್ಟಿಕೊಂಡು ಈ ಊರಿನ ಗುಡ್ಡಗಳನ್ನೆಲ್ಲ ಸೈಕಲಿನಲ್ಲಿ ಸುತ್ತಿದವರು. ಅವರ ಗಂಡ, ನಮ್ಮ ಮಾವ, ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ಅವರನ್ನು ಕೊಂಡುಹೋದದ್ದು ನಂದಿಗುಡ್ಡೆಗೇ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ನನ್ನ ಎತ್ತರ ಉಳಿದವರಿಗೆ ಹೊಂದದೆ ಅರ್ಧ ದಾರಿಯಲ್ಲಿ ನನ್ನನ್ನು ಬಿಡಿಸಿ, ಮಡಕೆ ಹಿಡಿದವನ ಹಿಂದೆ ನಡೆಸಿದ್ದರು. ಆ ದಿನದಿಂದ ಮಾಮಿ ಗೇಟು ದಾಟಿರಲಿಲ್ಲ. ಮದುವೆ ಮುಂಜಿಗೆ ಇಲ್ಲ, ಆಸ್ಪತ್ರೆಗೆ ಇಲ್ಲ, ನೆರೆಮನೆಗೂ ಇಲ್ಲ. ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುವುದು ಬಿಟ್ಟರೆ ಮಾತೂ ಇಲ್ಲ. ಅಂಥವರ ಎದುರು ನಾನು ಹೊರುವವರ ಅನುಕೂಲದ ಬಗ್ಗೆ ನಗೆಯಾಡಿದ್ದೆ.

ಸರೋಜ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಮದುವೆಯಾದವರಿಗೆ ಅದು ಗೊತ್ತು, ಆಗದವರನ್ನು ಈಗಲೇ ಹೆದರಿಸುವುದು ಬೇಡ. ನಾನು ಕಾಫಿಯ ಲೋಟದೊಳಗೆ ಮುಖ ಇಟ್ಟೆ. ಆಗ ಜಗಲಿಯ ಮೂಲೆಯಿಂದ ದನಿ ಬಂತು.

"ಯಾವ ಕಡೆಯಿಂದ ಹತ್ತುವುದು? ಅತ್ತಾವರದಿಂದಲೋ, ಮೋರ್ಗನ್ಸ್ ಗೇಟಿನಿಂದಲೋ?"

ಹತ್ತು ತಿಂಗಳಲ್ಲಿ ಮಾಮಿ ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಸರೋಜ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ನಾನು, "ಅತ್ತಾವರದಿಂದ ಮಾಮಿ" ಎಂದೆ.

"ಹಾಗಾದರೆ ನಿಮ್ಮಿಂದ ಆಗಲಿಕ್ಕಿಲ್ಲ" ಎಂದರು. ಮತ್ತೆ, "ಸ್ಪರ್ಧೆಗೆ ಮೊದಲು ಒಮ್ಮೆ ದಾರಿ ನೋಡಿಕೊಳ್ಳಬೇಕು. ಗೊತ್ತಿಲ್ಲದ ಏರಿಗೆ ಸುಮ್ಮನೆ ಹೋಗಬಾರದು. ಆದಿತ್ಯವಾರ ಬೆಳಿಗ್ಗೆ ನಾನೂ ಬರ್ತೇನೆ" ಎಂದರು. ಬೇಡ ಎನ್ನುವ ಧೈರ್ಯ ಆ ಕ್ಷಣದಲ್ಲಿ ಯಾರಿಗಿತ್ತು?

ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟ ಮೇಲೆ ದಾರಿಯ ಮೊದಲ ಭಾಗವನ್ನು ನಾನೊಬ್ಬನೇ ನೋಡಿಬಂದೆ. ಸೇತುವೆಯ ಮೇಲೆ ಗಾಳಿ ಎದುರಿನಿಂದ ಬೀಸುತ್ತಿತ್ತು. ಹಿಂದಿರುಗುವಾಗಲಾದರೂ ಹಿಂದಿನಿಂದ ನೂಕೀತೆಂದು ಆಸೆಪಟ್ಟರೆ ಅಷ್ಟರಲ್ಲಿ ಅದೂ ತಿರುಗಿ ನಿಂತಿತ್ತು. ತೊಕ್ಕೊಟ್ಟಿನಲ್ಲಿ ಸಂತೆಯ ಜನ. ಅಲ್ಲಿನ ಹೋಟೆಲೊಂದರಲ್ಲಿ ಶಕ್ತಿಗೆಂದು ಎರಡು ಬನ್ಸ್, ಒಂದು ಚಹಾ ತೆಗೆದುಕೊಂಡೆ. ಆ ಬನ್ಸುಗಳು ಪಂಪ್‌ವೆಲ್ ದಾಟುವವರೆಗೆ ನನ್ನ ಕಡೆ ಇದ್ದವು, ಕಂಕನಾಡಿಯ ಏರಿನಲ್ಲಿ ತಿರುಗಿಬಿದ್ದವು. ಅರ್ಧಕ್ಕೆ ಇಳಿದು, ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ನಿಂತೆ. ಗಾಳಿ ತುಂಬಿಕೊಂಡು ಗಟ್ಟಿಯಾಗಿದ್ದ ಟಯರನ್ನು ಅಷ್ಟು ಚಿಂತೆಯಿಂದ ಪರೀಕ್ಷಿಸಿದವರು ಆ ರಸ್ತೆಯಲ್ಲಿ ಇನ್ನೊಬ್ಬರಿರಲಾರರು.

ಆದಿತ್ಯವಾರ ಬೆಳಿಗ್ಗೆ ಮಾಮಿ ಕಪ್ಪು ಕೊಡೆ ಹಿಡಿದು, ಡ್ಯೂಟಿಗೆ ಹೋಗುವಾಗ ಹಾಕುತ್ತಿದ್ದ ಹಳೆಯ ಶೂ ಹಾಕಿಕೊಂಡು ಹೊರಟರು. ಅಡುಗೆಮನೆಯ ಕಿಟಕಿಯಿಂದ ಸರೋಜ ನೋಡುತ್ತಿದ್ದಳು; ಹೊರಗೆ ಬಂದರೆ ಎಲ್ಲಿ ಅಮ್ಮ ಮನಸ್ಸು ಬದಲಿಸುತ್ತಾರೋ ಎಂದು ಅವಳಿಗೆ ಹೆದರಿಕೆ. ಏರಿನ ಬುಡದಲ್ಲಿ ನಾನು ಸೈಕಲ್ ಹತ್ತಿದೆ. ಮಾಮಿ ಪಕ್ಕದಲ್ಲಿ ನಡೆಯತೊಡಗಿದರು. ಹೀಗೆ ಅರವತ್ತನಾಲ್ಕು ವರ್ಷದ ಹೆಂಗಸು ಕೊಡೆ ಊರಿಕೊಂಡು ಆರಾಮವಾಗಿ ನಡೆಯುವುದು, ಅವರ ಸರಿಸಮಕ್ಕೆ ಬರಲು ಅಳಿಯ ಪೆಡಲಿನ ಮೇಲೆ ಎದ್ದು ನಿಂತು ಒದ್ದಾಡುವುದು. ಹಾಲು ಹಾಕಿ ಬರುತ್ತಿದ್ದವನೊಬ್ಬ ನಿಂತೇ ನೋಡಿದ.

"ನಿಲ್ಲಬೇಡಿ, ಕೂತುಕೊಂಡೇ ತುಳಿಯಿರಿ. ನಿಂತರೆ ಉಸಿರು ಬೇಗ ಮುಗೀತದೆ" ಎಂದರು ಮಾಮಿ. ನಾನು ಕುಳಿತೆ. "ಈಗ ಬಲಕ್ಕೆ ಹೋಗಿ. ಎಡಗಡೆ ನೆಟ್ಟಗೆ ಉಂಟು, ಬಲಗಡೆ ಸ್ವಲ್ಪ ಓರೆ." ಬಲಕ್ಕೆ ಹೋದೆ, ನಿಜವಾಗಿಯೂ ಪೆಡಲು ಒಂದಿಷ್ಟು ಹಗುರಾಯಿತು. ಮುಂದೆ ಒಂದು ಮೋರಿ, ಅದರಾಚೆ ರಸ್ತೆ ಸಮತಟ್ಟಾದಂತೆ ಕಂಡಿತು. ಮುಗಿಯಿತಲ್ಲ ಎಂದು ನಾನು ಬೀಗಿ ಜೋರಾಗಿ ತುಳಿಯತೊಡಗಿದೆ. "ಅದನ್ನು ನಂಬಬೇಡಿ, ಅದು ಸುಳ್ಳು ಹೇಳ್ತದೆ" ಎಂದು ಹಿಂದಿನಿಂದ ಮಾಮಿ ಕೂಗುವಷ್ಟರಲ್ಲಿ ತಿರುವು ಬಂತು, ತಿರುವಿನ ಆಚೆ ಉಳಿದ ಗುಡ್ಡೆ ಪೂರ್ತಿ ಎದ್ದು ನಿಂತಿತ್ತು. ಅಲ್ಲೊಂದು ಹಲಸಿನ ಮರ. ನಾನು ಮರವನ್ನು ತಬ್ಬಿಕೊಂಡೇ ಇಳಿದೆ.

"ಇಲ್ಲೇ ಇಳಿಯಬೇಕು" ಎಂದರು ಮಾಮಿ, ನಾನು ಅವರ ಮಾತು ಕೇಳಿಯೇ ಇಳಿದವನಂತೆ. "ಇಲ್ಲಿಂದ ಮೇಲೆ ತಳ್ಳಿಕೊಂಡು ಹೋಗುವುದು. ಹತ್ತುವುದು ದೊಡ್ಡದಲ್ಲ. ಹತ್ತಿದ ಮೇಲೆ ಕೈ ನಡುಗಬಾರದು. ನಿಮಗೆ ಆ ವಸ್ತ್ರ ಕೊಡಲಿಕ್ಕೆ ಉಂಟಲ್ಲ?"

"ಸ್ಪರ್ಧೆಯಲ್ಲಿ ಇಳಿದು ನಡೆದರೆ ನಗುತ್ತಾರೆ ಮಾಮಿ."

ಮಾಮಿ ಮರದ ಬೇರಿನ ಮೇಲೆ ಕೊಡೆ ಊರಿ ಮೇಲಕ್ಕೆ ನೋಡುತ್ತ ನಿಂತರು. ಸ್ವಲ್ಪ ಮೇಲೆ, ಎಡಗಡೆಗೆ, ಹೆಂಚಿನ ಮನೆಯೊಂದಿತ್ತು. ಕ್ರಿಸ್‌ಮಸ್ ಕಳೆದಿದ್ದರೂ ಕಾಗದದ ನಕ್ಷತ್ರ ಇನ್ನೂ ಮಾಡಿನಲ್ಲಿ ತೂಗುತ್ತಿತ್ತು. ಅದನ್ನು ನೋಡುತ್ತಲೇ ಮಾಮಿ ಹೇಳಿದರು.

"ನಾನೂ ಒಮ್ಮೆ ಇಳಿಯಲಿಲ್ಲ. ಆ ಮನೆಯ ಲಿಲ್ಲಿಗೆ ಚೊಚ್ಚಲ ಹೆರಿಗೆ. ಮಗು ಕಾಲು ಮುಂದಾಗಿ ಬರ್ತಾ ಉಂಟು ಅಂತ ಓಡಿಬಂದು ಹೇಳಿದರು. ಬುಡದಿಂದ ಬಾಗಿಲಿನವರೆಗೆ ಒಂದೇ ಉಸಿರಲ್ಲಿ ತುಳಿದೆ. ಒಳಗೆ ಹೋದರೆ ಕೈ ಹೀಗೆ ನಡುಗ್ತದೆ. ಹಿಡಿಯಲಿಕ್ಕೇ ಆಗಲಿಲ್ಲ. ಮೆಟ್ಟಿಲಲ್ಲಿ ಕೂತು ನೀರು ಕುಡಿದೆ, ಎರಡು ನಿಮಿಷ. ಮಗು ಉಳಿಯಲಿಲ್ಲ."

ನಾನು ಸೈಕಲಿನ ಬೆಲ್ಲನ್ನು ಒರೆಸಿದೆ.

"ನಾನು ಬರುವ ಮೊದಲೇ ಹೋಗಿತ್ತು ಅಂತ ಡಾಕ್ಟರು ಹೇಳಿದರು. ಆದರೆ ಡಾಕ್ಟರು ಆ ಮೆಟ್ಟಿಲಲ್ಲಿ ಕೂತಿರಲಿಲ್ಲ ಅಲ್ವಾ? ಆಮೇಲೆ ಈ ಭಾಗವನ್ನು ಬೇರೆ ನರ್ಸಿಗೆ ಬಿಟ್ಟುಕೊಟ್ಟೆ. ಇಪ್ಪತ್ತೆಂಟು ವರ್ಷ ಈ ಗುಡ್ಡೆ ಹತ್ತಲಿಲ್ಲ. ಗೊತ್ತಿದ್ದದ್ದು ನಿಮ್ಮ ಮಾವನಿಗೆ ಒಬ್ಬರಿಗೆ. ಅವರೂ ಇದೇ ದಾರಿಯಲ್ಲಿ ಹೋದರು. ನಾವು ಹೆಂಗಸರು ಗೇಟಿನಲ್ಲೇ ನಿಂತೆವು. ಅವರು ಹೋದ ದಾರಿಯನ್ನು ಒಮ್ಮೆ ನೋಡಬೇಕು ಅಂತ ಇತ್ತು. ಒಬ್ಬಳೇ ಬರಲಿಕ್ಕೆ ಕಾಲು ಬರಲಿಲ್ಲ."

ಒಂದೇ ಗುಡ್ಡೆಯನ್ನು ತಪ್ಪಿಸಿಕೊಂಡು ಬದುಕಿದ ಇಬ್ಬರು ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೆವು! ಒಬ್ಬರು ಎದೆಯ ಭಾರಕ್ಕೆ, ಇನ್ನೊಬ್ಬ ಮೈಯ ಸೋಮಾರಿತನಕ್ಕೆ. ಮಂಗಳಾದೇವಿಯ ಹೆಸರು ಹೇಳಿ ನಾನು ಗಳಿಸಿದ್ದ ಭಕ್ತಿಯೆಲ್ಲ ಆ ಹಲಸಿನ ಬುಡದಲ್ಲಿ ಬಹಳ ಸಣ್ಣದಾಗಿ ಕಂಡಿತು. ಆದರೂ ನಾನು ಬಾಯಿ ಬಿಟ್ಟು ಹೇಳಿದ್ದೇನು? "ಬಿಸಿಲೇರುತ್ತಿದೆ ಮಾಮಿ, ಹೋಗುವ" ಎಂದೆ. ಬೇಕಾದ ಹೊತ್ತಿಗೆ ಬೇಕಾದ ಮಾತು ನನ್ನ ನಾಲಿಗೆಗೆ ಬಂದ ದಾಖಲೆ ಇಲ್ಲ.

ಸೈಕಲ್ ತಳ್ಳಿಕೊಂಡು ಹೊರಟೆವು. ಆ ಮನೆಯ ಎದುರು ಬರುವಾಗ ಮಾಮಿ ಕೊಡೆಯನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಆದರೆ ಇಗರ್ಜಿಯಿಂದ ಆಗಷ್ಟೇ ಬಂದು ಅಂಗಳದಲ್ಲಿ ನಿಂತಿದ್ದ ಹೆಂಗಸು ಕೊಡೆಯನ್ನು ನೋಡಲಿಲ್ಲ, ಶೂಗಳನ್ನು ನೋಡಿದರು.

"ದೇವಾ! ನರ್ಸಮ್ಮ ಅಲ್ವಾ?"

ಲಿಲ್ಲಿಬಾಯಿಗೆ ಆಗ ನಲವತ್ತೇಳು, ನಲವತ್ತೆಂಟು ಇರಬೇಕು. ಗೇಟು ತೆಗೆದು ಬಂದು ಮಾಮಿಯ ಎರಡೂ ಕೈ ಹಿಡಿದುಕೊಂಡರು. "ಇಲ್ಲೇ ಕೆಳಗೆ ಇದ್ದು ಒಂದು ದಿನ ಮೇಲೆ ಬರಲಿಲ್ಲ ನೀವು. ನನ್ನ ಮೇಲೆ ಸಿಟ್ಟಾ?"

"ಯಾವ ಮುಖ ಇಟ್ಟುಕೊಂಡು ಬರಲಿ ಲಿಲ್ಲಿ?" ಎಂದರು ಮಾಮಿ. "ಆ ದಿನ ನಾನು ಸರಿ ಇದ್ದಿದ್ದರೆ..."

ಲಿಲ್ಲಿಬಾಯಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಅವರು ಮಾಮಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ ಅದೇ ಮೆಟ್ಟಿಲಿನಲ್ಲಿ ಕೂರಿಸಿದರು, ತಾವೂ ಪಕ್ಕದಲ್ಲಿ ಕುಳಿತರು. "ನನಗೆ ಆ ದಿನದ್ದು ಎಂತದೂ ಸರಿಯಾಗಿ ನೆನಪಿಲ್ಲ ನರ್ಸಮ್ಮ. ಒಂದು ಮಾತ್ರ ಉಂಟು. ನೀವು ಬಾಗಿಲಿಗೆ ಬಂದದ್ದು. ಬೆವರು ಇಳೀತಾ ಇತ್ತು, ಮಾತಾಡ್ಲಿಕ್ಕೆ ಉಸಿರಿಲ್ಲ ನಿಮಗೆ. ನನಗೆ ಅಮ್ಮ ಇರಲಿಲ್ಲ. ಗಂಡ ಹಡಗಿನಲ್ಲಿ. ನಾನು ಎಣಿಸಿದೆ, ನನಗೋಸ್ಕರ ಒಬ್ಬರು ಈ ಗುಡ್ಡೆಯನ್ನು ಹೀಗೆ ಓಡಿಕೊಂಡು ಹತ್ತಿ ಬಂದಿದ್ದಾರಲ್ಲ ಅಂತ. ಮತ್ತೆ ಮೂರು ಹೆತ್ತೆ, ಎಲ್ಲ ಆಸ್ಪತ್ರೆಯಲ್ಲಿ. ದೊಡ್ಡ ದೊಡ್ಡ ಡಾಕ್ಟರು ಬಂದರು, ಒಬ್ಬರಿಗೂ ಬೆವರಿರಲಿಲ್ಲ. ಪ್ರತಿ ಸಲ ನಿಮ್ಮದೇ ನೆನಪಾಗ್ತಿತ್ತು."

ಮಾಮಿ ಕೊಡೆಯನ್ನು ಮಡಚಿದರು, ಪುನಃ ಬಿಡಿಸಿದರು, ಪುನಃ ಮಡಚಿದರು. ಮಾವ ತೀರಿಕೊಂಡ ದಿನವೂ ಅಳದೆ ಎಲ್ಲರನ್ನೂ ಹೆದರಿಸಿದ್ದ ಮಾಮಿ ಆ ಮೆಟ್ಟಿಲಿನಲ್ಲಿ ಕುಳಿತು ಅತ್ತರು. ಮಗುವಿಗೋ, ಮಾವನಿಗೋ, ಯಾರಿಗೆಂದು ಹೇಳುವುದು? ಲಿಲ್ಲಿಬಾಯಿ ಅವರ ಬೆನ್ನು ಸವರುತ್ತಿದ್ದರು. ನನ್ನ ಕೈಗೆ ಒಂದು ತಟ್ಟೆ ತುಂಬ ಹಬ್ಬದಲ್ಲಿ ಉಳಿದ ನೆವ್ರಿ ಎಂಬ ಕರಿಗಡುಬು ಬಂದಿತ್ತು. ಇಂಥ ಹೊತ್ತಿನಲ್ಲಿ ತಿನ್ನುವುದು ಸರಿಯಲ್ಲವೆಂದು ಗೊತ್ತಿದ್ದರೂ ತೆಂಗಿನಕಾಯಿ, ಎಳ್ಳಿನ ಆ ಹೂರಣ ನನ್ನನ್ನು ಬಿಡಲಿಲ್ಲ. ಕಣ್ಣು ಒದ್ದೆಯಾಗಿದ್ದಾಗಲೂ ಬಾಯಿ ತನ್ನ ಕೆಲಸ ಮಾಡುತ್ತಿರುತ್ತದೆ. ಆ ದಿನ ನಾವು ಗುಡ್ಡೆಯ ನೆತ್ತಿಯವರೆಗೂ ಹೋದೆವು. ಮಾಮಿ ಸ್ಮಶಾನದ ಗೇಟನ್ನು ದೂರದಿಂದಲೇ ನೋಡಿ ಕೈ ಮುಗಿದರು. "ಸರಿ, ಹೋಗುವ. ಇಳಿಯುವಾಗ ಬ್ರೇಕು ಹಿಡಿದುಕೊಂಡೇ ಇಳಿಯಿರಿ" ಎಂದರು.

ಸ್ಪರ್ಧೆ ಮುಂದಿನ ಆದಿತ್ಯವಾರ ನಡೆಯಿತು. ಕೊರಗಪ್ಪ ಹೊಳೆಯಿಂದ ಎಲ್ಲರಿಗಿಂತ ಮೊದಲು ಎದ್ದುಬಂದ. ಅವನು ಗಳಿಸಿಕೊಟ್ಟ ಮುನ್ನಡೆಯನ್ನು ನಾನು ತೊಕ್ಕೊಟ್ಟಿನವರೆಗೆ ಸ್ವಲ್ಪ, ಕಂಕನಾಡಿಯಲ್ಲಿ ಬಹಳವಾಗಿ ಹಂಚಿದೆ. ಆದರೂ ನಂದಿಗುಡ್ಡೆಯ ಬುಡಕ್ಕೆ ಬಂದಾಗ ಒಬ್ಬ ಮಾತ್ರ ನನ್ನ ಮುಂದೆ ಇದ್ದ, ಇನ್ನೊಬ್ಬ ಹಿಂದೆ. ಕೂತುಕೊಂಡೇ ತುಳಿದೆ, ಬಲಕ್ಕೆ ಹೋದೆ, ಮೋರಿಯ ಸುಳ್ಳನ್ನು ನಂಬಲಿಲ್ಲ. ಹಲಸಿನ ಮರದ ಹತ್ತಿರ ಮಾಮಿ ಮತ್ತು ಲಿಲ್ಲಿಬಾಯಿ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಗುರುವಿನ ಎದುರು ಗುರುವಿನ ಪಾಠ ಒಪ್ಪಿಸುವ ಉತ್ಸಾಹದಲ್ಲಿ ನಾನು ಅಲ್ಲೇ ಠೀವಿಯಿಂದ ಇಳಿದೆ.

"ಎಂತ ಮಾಡ್ತೀರಿ? ಇಳಿಯಬೇಡಿ! ತುಳಿಯಿರಿ! ಹಿಂದಿನವ ಬಂದ!" ಮಾಮಿ ಕೊಡೆ ಎತ್ತಿ ಕೂಗಿದರು. ಆ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. ಆದರೆ ಆ ಏರಿನಲ್ಲಿ ಒಮ್ಮೆ ಇಳಿದ ಮೇಲೆ ಪುನಃ ಹತ್ತುವುದು ಪುನರ್ಜನ್ಮವಿದ್ದಂತೆ, ಬೇಕೆಂದ ಕೂಡಲೇ ಸಿಗುವುದಲ್ಲ. ನಾನು ಒಂದು ಕಾಲು ಪೆಡಲಿನಲ್ಲಿ, ಒಂದು ಕಾಲು ನೆಲದಲ್ಲಿ ಕುಪ್ಪಳಿಸುತ್ತಿದ್ದಾಗ ಹಿಂದಿನವನು ಸಲೀಸಾಗಿ ದಾಟಿಹೋದ. ಕಾರ್ಖಾನೆಯ ಗೇಟಿಗೆ ಮೂರನೆಯವನಾಗಿ ಬಂದು, ಒಂಚೂರೂ ನಡುಗದ ಕೈಯಿಂದ ಕೆಂಪು ವಸ್ತ್ರವನ್ನು ಇಸ್ಮಾಯಿಲನಿಗೆ ಕೊಟ್ಟೆ. "ಕೈ ಏನೋ ಗಟ್ಟಿ ಉಂಟು, ಇಷ್ಟು ಹೊತ್ತು ಎಲ್ಲಿದ್ದಿರಿ ಮಾರಾಯರೇ?" ಎಂದು ಕೇಳಿ ಅವನು ಓಡಿದ. ಪುಣ್ಯಾತ್ಮ ಒಬ್ಬನನ್ನು ಹಿಂದೆ ಹಾಕಿ ಕಾರ್ಖಾನೆಯ ಮಾನ ಉಳಿಸಿದ.

ಆಮೇಲೆ ಮಾಮಿ ಮನೆಯಲ್ಲಿ ಕೂರುವುದೇ ಕಷ್ಟವಾಯಿತು. ಲಿಲ್ಲಿಬಾಯಿಯ ಹಿರಿಯ ಮಗಳು ಆಗ ಏಳು ತಿಂಗಳ ಬಸುರಿ. ಅವಳನ್ನು ನೋಡಿಬರುವ ನೆಪದಲ್ಲಿ ದಿನಾ ಸಂಜೆ ಗುಡ್ಡೆ ಹತ್ತತೊಡಗಿದರು. ಅತ್ತಾವರದ ಬಸುರಿಯರೆಲ್ಲ ಒಬ್ಬೊಬ್ಬರಾಗಿ ನಮ್ಮ ಜಗಲಿಗೆ ಬರುವಂತಾಯಿತು. ನೆಂಟರು ಬಂದಾಗಲೆಲ್ಲ ಸರೋಜ ಅಭಿಮಾನದಿಂದ ಹೇಳುತ್ತಾಳೆ: "ಅಮ್ಮನನ್ನು ಗೇಟು ದಾಟಿಸಿದ್ದು ಇವರೇ. ಪಾಪ, ಸೈಕಲಿನ ನೆಪ ಮಾಡಿ ಬೆಳಿಗ್ಗೆ ಎದ್ದು ಜೊತೆಗೆ ಕರೆದುಕೊಂಡು ಹೋದರು. ಅಂಥ ಮನಸ್ಸು ಎಲ್ಲರಿಗೂ ಇರುವುದಿಲ್ಲ." ನಾನು ತಲೆ ತಗ್ಗಿಸಿ, ದೊಡ್ಡವರು ತಮ್ಮ ಪುಣ್ಯಕಾರ್ಯದ ಮಾತು ಬಂದಾಗ ಮುಗುಳ್ನಗುವಂತೆ ಮುಗುಳ್ನಗುತ್ತೇನೆ.

ನಡೆದದ್ದು ಬೇರೆ. ಅತ್ತೆಯ ಪಕ್ಕದಲ್ಲಿ ಸೈಕಲ್ ತುಳಿಯುವುದನ್ನು ಆಫೀಸಿನವರು ಯಾರಾದರೂ ಕಂಡರೆ ಮರ್ಯಾದೆ ಏನಾದೀತು ಎಂದು ಹೆದರಿ, ಎಂಟು ಗಂಟೆಗೆ ಹೊರಡುವುದೆಂದು ಮಾಮಿಗೆ ಹೇಳಿದ್ದ ನಾನು ಆ ಆದಿತ್ಯವಾರ ಏಳು ಗಂಟೆಗೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಸೈಕಲನ್ನು ಎತ್ತಿಕೊಂಡೇ ಅಂಗಳ ದಾಟಿದ್ದೆ. ಗೇಟಿನಾಚೆ ಮಾಮಿ ಕೊಡೆ ಹಿಡಿದು ನಿಂತಿದ್ದರು. ಎತ್ತಿದ ಸೈಕಲನ್ನು ನೋಡಿದರು, ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದರು. ಸರೋಜ ಕಿಟಕಿಗೆ ಬರುವಷ್ಟರಲ್ಲಿ ಸೈಕಲ್ ನೆಲದ ಮೇಲಿತ್ತು, ಚಪ್ಪಲಿ ಕಾಲಿನಲ್ಲಿತ್ತು. ಸರೋಜ ನನ್ನನ್ನು ಹೊಗಳುವಾಗ ಮಾಮಿ ಇವತ್ತಿಗೂ ಜಗಲಿಯಲ್ಲಿ ಕುಳಿತು, "ಹೌದು, ಹೌದು, ಅಳಿಯಂದಿರೇ ಕರೆದುಕೊಂಡು ಹೋದದ್ದು" ಎನ್ನುತ್ತಾರೆ. ಊರಿನ ಎಷ್ಟೋ ಮನೆಗಳ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವರು, ನನ್ನದೊಂದು ಅವರಿಗೆ ಭಾರವಲ್ಲ. ನನಗೆ ಮಾತ್ರ ಆಗಿನಿಂದ ಅವರೆದುರು ಕಾಫಿಗೆ ಸಕ್ಕರೆ ಸಾಲದೆಂದು ಹೇಳುವ ಧೈರ್ಯವೂ ಉಳಿದಿಲ್ಲ.